ಹೆಜ್ಜೆಯ ಲೆಕ್ಕ ಯಾರ ಕೈಯಲ್ಲಿ?

ಹಿಂಬಾಲಿಸುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಬ್ಬರನ್ನು ನಂಬಿ ಅವರ ದಾರಿಯಲ್ಲಿ ನಡೆಯುವುದು ಒಂದು. ಒಬ್ಬರಿಗೆ ತಿಳಿಯದಂತೆ ಅವರ ಬೆನ್ನ ಹಿಂದೆ ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ಗೌರವವಿದೆ, ಎರಡನೆಯದರಲ್ಲಿ ದುರುದ್ದೇಶವಿದೆ. ನಮ್ಮ ಕಾಲದ ಮೊಬೈಲು ಈ ಎರಡನ್ನೂ ‘ಫಾಲೋ’ ಎಂಬ ಒಂದೇ ಗುಂಡಿಯಲ್ಲಿ ಇಟ್ಟುಬಿಟ್ಟಿದೆ. ನಡಿಗೆ, ಓಟ, ಸೈಕಲ್ ಸವಾರಿಯನ್ನು ದಾಖಲಿಸುವ ಆ್ಯಪ್‌ಗಳಲ್ಲಿ ನಾವು ಎಷ್ಟು ಹೊತ್ತಿಗೆ ಮನೆ ಬಿಟ್ಟೆವು, ಯಾವ ದಾರಿ ಹಿಡಿದೆವು, ಎಲ್ಲಿ ನಿಂತೆವು, ಎಷ್ಟು ಹೊತ್ತಿಗೆ ಮರಳಿದೆವು ಎಂಬುದೆಲ್ಲ ನಕ್ಷೆಯಾಗಿ ಮೂಡುತ್ತದೆ. ಆ ನಕ್ಷೆಯನ್ನು ನೋಡುವವರಲ್ಲಿ ಹೆಸರು, ಮುಖ, ಊರು ಯಾವುದೂ ಗೊತ್ತಿಲ್ಲದ ಅಪರಿಚಿತರೂ ಇರುತ್ತಾರೆ.

ಕನಕಪುರ–ಹಾರೋಹಳ್ಳಿ ಸೀಮೆಯ ಮರಳವಾಡಿಯಂಥ ಊರಿನಲ್ಲಿ ಇದೇನು ದೊಡ್ಡ ವಿಷಯ ಎಂದು ಯಾರಾದರೂ ಕೇಳಬಹುದು. ಹಳ್ಳಿಯಲ್ಲಿ ಯಾರ ಓಡಾಟವೂ ಗುಟ್ಟಾಗಿ ಉಳಿಯುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟವರನ್ನು ಚಹಾದಂಗಡಿಯ ಬೆಂಚಿನ ಮೇಲಿದ್ದವರು “ಎತ್ಲಾಗೆ ಹೊಂಟ್ರಿ ಸಾಬ್ರೇ?” ಎಂದು ಕೇಳದೆ ಬಿಡುವುದಿಲ್ಲ. ಆದರೆ ಈ ನೋಟಕ್ಕೊಂದು ಕಟ್ಟುಪಾಡು ಇದೆ. ಕೇಳಿದವನು ಯಾರೆಂದು ನಮಗೂ ಗೊತ್ತು. ಅವನು ಹದ್ದು ಮೀರಿದರೆ ಊರ ಹಿರಿಯರು ಅವನನ್ನು ಕರೆದು ಕೇಳಬಲ್ಲರು. ಅವನು ನೋಡಿದ್ದು ನಾಲ್ಕು ದಿನಕ್ಕೆ ಮರೆತೂ ಹೋಗುತ್ತದೆ. ನಾವು ಅವನನ್ನು ನೋಡಲಾಗದಂತೆ ಅವನು ನಮ್ಮನ್ನು ನೋಡುವುದು, ನೋಡಿದ್ದನ್ನು ವರ್ಷಗಟ್ಟಲೆ ಬರೆದಿಡುವುದು ಬೇರೆಯೇ ಸಂಗತಿ. ಅದಕ್ಕೂ ಒಂದು ಇತಿಹಾಸವಿದೆ.

ಜಪಮಣಿಯಿಂದ ಗಡಿಯಾರದವರೆಗೆ

ಜನರ ದಾರಿಯನ್ನೂ ಹೆಜ್ಜೆಯನ್ನೂ ಅಳೆಯುವ ಕೆಲಸ ಮೊದಲು ಆರಂಭವಾದದ್ದು ಆರೋಗ್ಯಕ್ಕಾಗಿ ಅಲ್ಲ, ಆಳುವುದಕ್ಕಾಗಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಬೆನ್ನಿಗೇ ಕಂಪೆನಿ ಸರಕಾರವು ಮೈಸೂರು ಸೀಮೆಯ ಮೋಜಣಿಗೆ ಕಾಲಿನ್ ಮೆಕೆಂಜಿಯನ್ನು ನೇಮಿಸಿತು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಅದಕ್ಕೆ ಎಂಟೊಂಬತ್ತು ವರ್ಷ ಮೊದಲು, 1791ರ ಡಿಸೆಂಬರಿನಲ್ಲಿ, ಕಾರ್ನವಾಲಿಸನ ಸೇನೆ ಮಾಗಡಿಯ ಸಾವನದುರ್ಗವನ್ನು ಹಿಡಿದಿತ್ತು. ದಾರಿ ಗೊತ್ತಿಲ್ಲದ ನಾಡನ್ನು ಗೆಲ್ಲುವುದೂ ಕಷ್ಟ, ಗೆದ್ದ ಮೇಲೆ ಕಂದಾಯ ಎತ್ತುವುದೂ ಕಷ್ಟ ಎಂಬ ಪಾಠವನ್ನು ಕಂಪೆನಿ ಚೆನ್ನಾಗಿ ಕಲಿತಿತ್ತು.

ಅಳೆಯಲು ಬಿಡದ ನಾಡುಗಳಲ್ಲಿ ಬ್ರಿಟಿಷರು ವೇಷದ ಮೊರೆಹೊಕ್ಕರು. 1863ರಲ್ಲಿ ಥಾಮಸ್ ಮಾಂಟ್‌ಗೊಮರಿ ಎಂಬ ಅಧಿಕಾರಿ ಅಬ್ದುಲ್ ಹಮೀದ್ ಎಂಬ ಮುನ್ಷಿಯನ್ನು ವ್ಯಾಪಾರಿಯ ವೇಷದಲ್ಲಿ, ಬಚ್ಚಿಟ್ಟ ಚಿಕ್ಕ ಉಪಕರಣಗಳೊಂದಿಗೆ ಲಡಾಖಿನಿಂದ ಯಾರ್ಕಂದಿಗೆ ಕಳುಹಿಸಿದನು. ಕೆಲಸ ಮುಗಿಸಿ ಹಿಂದಿರುಗುವ ದಾರಿಯಲ್ಲಿ 1864ರಲ್ಲಿ ಹಮೀದ್ ತೀರಿಕೊಂಡರು. ಅವರ ಬರಹಗಳು ಮಾತ್ರ ದೊರೆಗಳ ಕೈ ಸೇರಿದವು. ಅವರ ನಂತರ ಲ್ಹಾಸಾಕ್ಕೆ ನಡೆದು ಹೋದ ನೈನ್ ಸಿಂಗ್ ರಾವತ್ ಹೆಜ್ಜೆಯನ್ನೇ ಅಳತೆಗೋಲು ಮಾಡಿಕೊಂಡರು. ಅವರ ಕೈಯಲ್ಲಿದ್ದ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಬರುವಷ್ಟರಲ್ಲಿ ಹತ್ತು ಸಾವಿರ ಹೆಜ್ಜೆ, ಅಂದರೆ ಐದು ಮೈಲಿ. ನೋಡಿದವರಿಗೆ ಅದು ಭಕ್ತಿ, ವಾಸ್ತವದಲ್ಲಿ ಅದು ಬೇಹುಗಾರಿಕೆ.

ಈ ಹತ್ತು ಸಾವಿರವೆಂಬ ಸಂಖ್ಯೆ ನೂರು ವರ್ಷಗಳ ನಂತರ ಬೇರೊಂದು ದೇಶದಲ್ಲಿ ಮತ್ತೆ ಕಾಣಿಸಿಕೊಂಡಿದ್ದು ಒಂದು ಆಕಸ್ಮಿಕ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪೆನಿಯೊಂದು ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಇಂದು ವೈದ್ಯರ ಬಾಯಲ್ಲೂ ಜನರ ಬಾಯಲ್ಲೂ ಕೇಳಿಬರುವ ಆ ಸಂಖ್ಯೆ ಹಬ್ಬಿದ್ದು ಅಲ್ಲಿಂದ. ಆದರೆ ಆ ಮಾಪಕದ ಒಂದು ಒಳ್ಳೆಯ ಗುಣವನ್ನು ಮರೆಯಬಾರದು. ಎಣಿಸಿದ್ದನ್ನು ಅದು ತೊಟ್ಟವರಿಗೆ ಮಾತ್ರ ತೋರಿಸುತ್ತಿತ್ತು. ಇನ್ನೊಬ್ಬರಿಗೆ ಹೇಳಲು ಅದಕ್ಕೆ ಬಾಯಿರಲಿಲ್ಲ.

ಬಾಗಿಲು ತಟ್ಟಿದ ಚೌಕಿದಾರ

ಸ್ವತಂತ್ರ ಭಾರತದಲ್ಲಿ ಒಬ್ಬ ಸಾಮಾನ್ಯನ ಓಡಾಟವನ್ನು ಹಿಂಬಾಲಿಸುವ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಪ್ರಕರಣದಲ್ಲಿ. 1941ರಲ್ಲಿ ಡಕಾಯಿತಿಯ ಆರೋಪ ಹೊತ್ತಿದ್ದ ಅವರನ್ನು ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಲಾಗಿತ್ತು. ಆದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದರು. ನಮ್ಮ ಕಡೆಯ ತಳವಾರನಂಥ ಊರ ಚೌಕಿದಾರ ಮತ್ತು ಪೇದೆಗಳು ರಾತ್ರಿಯಲ್ಲಿ ಬಂದು ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. ಪರ ಊರಿಗೆ ಹೋಗುವುದಾದರೆ ಅವರು ಮೊದಲೇ ತಿಳಿಸಬೇಕಿತ್ತು. ಹೋದ ಊರಿನ ಠಾಣೆಗೂ ಸುದ್ದಿ ಮುಟ್ಟುತ್ತಿತ್ತು.

1962ರ ಡಿಸೆಂಬರ್ 18ರಂದು ಬಂದ ತೀರ್ಪು ರಾತ್ರಿಯ ಮನೆಭೇಟಿಗಳನ್ನು ರದ್ದುಗೊಳಿಸಿತು. ಆದರೆ ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕಿಲ್ಲ, ಆದ್ದರಿಂದ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ ಎಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಇದಕ್ಕೆ ಒಪ್ಪಲಿಲ್ಲ. ಯಾರೋ ನೋಡುತ್ತಿದ್ದಾರೆಂಬ ಭಯದಲ್ಲಿ ನಡೆಯುವವನ ನಡಿಗೆ ಸ್ವತಂತ್ರ ನಡಿಗೆಯಲ್ಲ ಎಂಬುದು ಅವರ ಭಿನ್ನಮತದ ತಿರುಳು. ಕಾಲಿಗೆ ಸರಪಳಿ ಇಲ್ಲದಿದ್ದರೂ ಮನಸ್ಸಿಗೆ ಸರಪಳಿ ಬಿದ್ದಿರುತ್ತದೆ ಎಂಬುದನ್ನು ಅವರು ಅಂದೇ ಕಂಡಿದ್ದರು.

ಇಸ್ಲಾಮೀ ನೀತಿಗ್ರಂಥಗಳಲ್ಲಿ ಖಲೀಫಾ ಉಮರ್‌ರ ಕುರಿತು ಹೇಳುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ರಾತ್ರಿ ಮದೀನಾದ ಬೀದಿಗಳಲ್ಲಿ ಗಸ್ತು ತಿರುಗುವುದು ಅವರ ರೂಢಿ. ಒಮ್ಮೆ ಒಂದು ಮನೆಯೊಳಗಿಂದ ಅನುಮಾನ ಹುಟ್ಟಿಸುವ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದರು. ಒಳಗಿದ್ದವನು ತಪ್ಪು ಮಾಡುತ್ತಿದ್ದುದು ನಿಜ. ಆದರೆ ಆತ ಹೆದರಲಿಲ್ಲ. ತಾನು ಮಾಡಿದ್ದು ಒಂದು ತಪ್ಪಾದರೆ ಖಲೀಫಾ ಮೂರು ತಪ್ಪು ಮಾಡಿದ್ದಾರೆ ಎಂದನು. ಗುಟ್ಟು ಹುಡುಕಬಾರದೆಂಬ ಆದೇಶವಿರುವಾಗ ಹುಡುಕಿದ್ದೀರಿ, ಬಾಗಿಲಿನಿಂದ ಬರಬೇಕಿದ್ದಲ್ಲಿ ಗೋಡೆ ಹಾರಿದ್ದೀರಿ, ಸಲಾಂ ಹೇಳಿ ಅನುಮತಿ ಪಡೆಯದೆ ಒಳಬಂದಿದ್ದೀರಿ. ಉಮರ್ ವಾದ ಮಾಡದೆ ಮರಳಿದರು. ಆಳುವವನ ಉದ್ದೇಶ ಒಳ್ಳೆಯದಿರಬಹುದು, ಮನೆಯವನು ತಪ್ಪಿತಸ್ಥನೂ ಇರಬಹುದು. ಅಷ್ಟಿದ್ದರೂ ಹೊಸ್ತಿಲಿಗೆ ಬೆಲೆಯಿದೆ ಎಂಬುದು ಇಲ್ಲಿನ ಪಾಠ.

ಕನ್ನಡ ನಾಡಿನ ಎರಡು ಅಧ್ಯಾಯಗಳು

ಖರಕ್ ಸಿಂಗ್ ತೀರ್ಪನ್ನು ಅಳಿಸಿದವರು ನಮ್ಮ ನಾಡಿನವರೇ ಎಂಬುದು ಅಭಿಮಾನದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು 2015ರಲ್ಲಿ ಕೇಂದ್ರ ಸರಕಾರ ಆ ಹಳೆಯ ತೀರ್ಪನ್ನೇ ಮುಂದೆ ಹಿಡಿಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದು ಸಾರಿತು. ಸುಬ್ಬರಾವ್‌ರ ಭಿನ್ನಮತ 55 ವರ್ಷಗಳ ನಂತರ ಗೆದ್ದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು.

ಆದರೆ ಹಕ್ಕು ಗ್ರಂಥದಲ್ಲಿರುವುದು ಬೇರೆ, ಜನರ ಬಾಳಿನಲ್ಲಿರುವುದು ಬೇರೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಇದೇ ಕರ್ನಾಟಕದಲ್ಲಿ ಹೋಮ್ ಕ್ವಾರಂಟೈನಿನಲ್ಲಿದ್ದ ಸಾವಿರಾರು ಜನರ ಮನೆ ವಿಳಾಸಗಳನ್ನು ಸರಕಾರವೇ ಪ್ರಕಟಿಸಿತು. ಅವರ ಕೈಗೆ ಅಳಿಸದ ಶಾಯಿಯ ಮುದ್ರೆ ಒತ್ತಲಾಯಿತು. ಮಾರ್ಚ್ 30ರ ಆದೇಶದಂತೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಸ್ವಂತ ಫೋಟೋ ತೆಗೆದು ಆ್ಯಪ್‌ನಲ್ಲಿ ಕಳುಹಿಸಬೇಕಾಯಿತು. ಉದ್ದೇಶ ರೋಗ ತಡೆಯುವುದೇ ಇರಬಹುದು. ಆದರೆ ಪಟ್ಟಿ ನೋಡಿದ ನೆರೆಹೊರೆ ಆ ಮನೆಗಳನ್ನು ಹೇಗೆ ನೋಡಿತು ಎಂಬುದನ್ನು ಅನುಭವಿಸಿದವರೇ ಹೇಳಬೇಕು. 2021ರ ಜನವರಿ 25ರಂದು ಕರ್ನಾಟಕ ಹೈಕೋರ್ಟ್, ಆರೋಗ್ಯ ಸೇತು ಆ್ಯಪ್ ಬಳಸಿದವರ ಮಾಹಿತಿಯನ್ನು ಅವರ ತಿಳಿದ ಒಪ್ಪಿಗೆಯಿಲ್ಲದೆ ಹಂಚದಂತೆ ಮಧ್ಯಂತರ ಆದೇಶ ನೀಡಿತು. ಉಮರ್‌ರಿಗೆ ಆ ಮನೆಯವನು ಕೇಳಿದ ಮೂರನೆಯ ಪ್ರಶ್ನೆಯನ್ನೇ ನ್ಯಾಯಾಲಯ ಕೇಳಿತ್ತು.

ಚೌಕಿದಾರನಿಲ್ಲದ ಕಾವಲು

ಇಲ್ಲಿಯವರೆಗೆ ಹಿಂಬಾಲಿಸಿದ್ದು ಸರಕಾರ. ಈಗ ಕಾಲ ಬದಲಾಗಿದೆ. ನೈನ್ ಸಿಂಗ್‌ರ ಜಪಮಾಲೆಯನ್ನು ನಾವೇ ದುಡ್ಡು ಕೊಟ್ಟು ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇವೆ. 2009ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಟ್ರಾವಾ ಇಂಥ ಆ್ಯಪ್‌ಗಳಲ್ಲಿ ಪ್ರಸಿದ್ಧವಾದದ್ದು. 2017ರ ನವೆಂಬರಿನಲ್ಲಿ ಅದು ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಬೆಳಕಿನ ಗೆರೆಗಳಾಗಿ ತೋರಿಸುವ ಜಗತ್ತಿನ ನಕ್ಷೆಯನ್ನು ಪ್ರಕಟಿಸಿತು. ಎರಡು ತಿಂಗಳ ನಂತರ ನೇಥನ್ ರೂಸರ್ ಎಂಬ 20 ವರ್ಷದ ಆಸ್ಟ್ರೇಲಿಯನ್ ವಿದ್ಯಾರ್ಥಿ ಅದರಲ್ಲೊಂದು ವಿಚಿತ್ರವನ್ನು ಗುರುತಿಸಿದ. ಸಿರಿಯಾ, ಅಫ್ಘಾನಿಸ್ತಾನಗಳ ಕತ್ತಲ ಮರುಭೂಮಿಯಲ್ಲಿ ಸಣ್ಣ ಬೆಳಕಿನ ಸುತ್ತುಗಳಿದ್ದವು. ಅವು ಸೇನಾ ನೆಲೆಗಳಲ್ಲಿ ಸೈನಿಕರು ವ್ಯಾಯಾಮಕ್ಕೆ ಓಡಿದ ದಾರಿಗಳು.

2023ರ ಜುಲೈಯಲ್ಲಿ ರಷ್ಯದ ಕ್ರಾಸ್ನೊದಾರ್ ನಗರದಲ್ಲಿ ಜಲಾಂತರ್ಗಾಮಿ ನೌಕೆಯೊಂದರ ಮಾಜಿ ಕಮಾಂಡರ್ ಬೆಳಗಿನ ಓಟದಲ್ಲಿದ್ದಾಗ ಗುಂಡಿಗೆ ಬಲಿಯಾದರು. ಅವರ ಓಟದ ದಾರಿ ಸ್ಟ್ರಾವಾದಲ್ಲಿ ಯಾರಿಗೂ ಕಾಣುವಂತಿತ್ತು. ಕೊಂದವರು ಅದನ್ನೇ ಬಳಸಿದರೆಂಬ ಅನುಮಾನ ಎದ್ದಿತು. 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ‘ಲ ಮೊಂದ್’ ಪತ್ರಿಕೆ ಅಮೆರಿಕ, ಫ್ರಾನ್ಸ್, ರಷ್ಯಗಳ ಅಧ್ಯಕ್ಷರ ಅಂಗರಕ್ಷಕರ ಓಟಗಳನ್ನು ನೋಡಿಯೇ ಆ ನಾಯಕರು ಎಲ್ಲೆಲ್ಲಿ ತಂಗಿದ್ದರೆಂದು ಪತ್ತೆಹಚ್ಚಬಹುದೆಂದು ತೋರಿಸಿಕೊಟ್ಟಿತು.

ಬಂದೂಕಿನ ಕಾವಲಿದ್ದವರ ಪಾಡೇ ಹೀಗಾದರೆ ಬೆಳಗಿನ ಜಾವ ಒಬ್ಬಳೇ ಕೆರೆ ಏರಿಯ ಮೇಲೆ ನಡೆಯುವ ಹೆಣ್ಣುಮಗಳ ಪಾಡೇನು? ಅವಳ ನಡಿಗೆ ದಿನವೂ ಆರಂಭವಾಗುವ ಚುಕ್ಕಿಯೇ ಅವಳ ಮನೆ. ವಾರದ ನಕ್ಷೆಯನ್ನು ನೋಡಿದರೆ ಅವಳು ಒಂಟಿಯಾಗಿರುವ ಹೊತ್ತು, ಜನ ಸಂಚಾರವಿಲ್ಲದ ದಾರಿ ಎರಡೂ ಸಿಗುತ್ತವೆ. ಮನೆಯ ಸುತ್ತಲಿನ ದಾರಿಯನ್ನು ಮರೆಮಾಡುವ ಸೌಕರ್ಯ ಇಂಥ ಆ್ಯಪ್‌ಗಳಲ್ಲಿದೆ. ಆದರೆ ಹಾಗೆ ಮರೆಮಾಡಿದ ಜಾಗವನ್ನೂ ಬಹುತೇಕ ಊಹಿಸಿ ಹೇಳಬಹುದೆಂದು 2018ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಹಲವು ದಾರಿಗಳು ಒಂದೇ ವೃತ್ತದ ಅಂಚಿನಲ್ಲಿ ಮಾಯವಾದರೆ ಅದರ ನಡುಬಿಂದುವನ್ನು ಹುಡುಕುವುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ನಡಿಗೆಯ ಆ್ಯಪ್ ಹಾಕಿಕೊಂಡವರಿಗೆ ಮಾತ್ರ ಈ ಚಿಂತೆ ಎಂದುಕೊಳ್ಳಬೇಕಾಗಿಲ್ಲ. ನಮಾಝಿನ ಸಮಯ, ಕಿಬ್ಲಾದ ದಿಕ್ಕು ತಿಳಿಸಲು ‘ಮುಸ್ಲಿಂ ಪ್ರೊ’ ಆ್ಯಪ್ ಪಡೆಯುತ್ತಿದ್ದ ಸ್ಥಳದ ಮಾಹಿತಿ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕ ಸೇನೆಯ ಗುತ್ತಿಗೆದಾರರಿದ್ದರು ಎಂದು 2020ರ ನವೆಂಬರಿನಲ್ಲಿ ವರದಿಯಾಯಿತು. ಸುದ್ದಿ ಹೊರಬಿದ್ದ ಮೇಲೆ ಆ ವ್ಯವಹಾರವನ್ನು ಕೊನೆಗೊಳಿಸುವುದಾಗಿ ಮುಸ್ಲಿಂ ಪ್ರೊ ಹೇಳಿತು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು ಜನರ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರದಂತೆ ಎಕ್ಸ್-ಮೋಡ್ ಮೇಲೆ ನಿರ್ಬಂಧ ತಂದಿತು. ಜಪಮಾಲೆಯ ಬೇಹುಗಾರಿಕೆ ನೂರೈವತ್ತು ವರ್ಷಗಳ ನಂತರ ಬೇರೆ ರೂಪದಲ್ಲಿ ಮರಳಿತ್ತು. ವ್ಯತ್ಯಾಸವಿಷ್ಟೆ: ನೈನ್ ಸಿಂಗ್‌ರಿಗೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿತ್ತು, ಈ ಆ್ಯಪ್ ತೆರೆದವರಿಗೆ ಗೊತ್ತಿರಲಿಲ್ಲ.

ಕಾನೂನು ನಿಲ್ಲುವ ಜಾಗ

ಹೆಣ್ಣನ್ನು ಬೆನ್ನಟ್ಟಿ ಪೀಡಿಸುವುದು 2013ರಿಂದ ನಮ್ಮಲ್ಲಿ ಪ್ರತ್ಯೇಕ ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಆಕೆಯ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದನ್ನೂ ಸೇರಿಸಿದೆ. ಮೊದಲ ಬಾರಿಯ ಅಪರಾಧಕ್ಕೆ ಮೂರು ವರ್ಷದವರೆಗೆ ಸಜೆಯಿದೆ. 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಬಂದಿತು. ಆದರೆ ಆ ಕಾಯಿದೆಯ 3ನೆಯ ಕಲಮಿನಲ್ಲಿ ಒಂದು ಮಾತಿದೆ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ನಾವೇ ಬದಲಿಸದಿದ್ದರೆ ನಮ್ಮ ನಡಿಗೆ ಎಲ್ಲರಿಗೂ ಕಾಣುವಂತಿರುವುದು ಇಂಥ ಹಲವು ಆ್ಯಪ್‌ಗಳ ರೂಢಿ. ಅಂದಮೇಲೆ, ಗಮನಿಸದೆ ಒತ್ತಿದ ಒಂದು ಒಪ್ಪಿಗೆಯನ್ನು ತಾನಾಗಿ ಸಾರಿದ್ದು ಎನ್ನಬಹುದೇ? ಪುಟ್ಟಸ್ವಾಮಿಯವರು ಗೆದ್ದುಕೊಟ್ಟ ಹಕ್ಕು ಸರಕಾರದ ಎದುರು ನಿಲ್ಲುತ್ತದೆ. ನಮ್ಮ ಕೈಯಿಂದಲೇ ತೆರೆದಿಟ್ಟ ಬಾಗಿಲಿನ ಮುಂದೆ ಅದು ತೊದಲುತ್ತದೆ.

ಹಾಗೆಂದು ನಡೆಯುವುದನ್ನು ಬಿಡಬೇಕಿಲ್ಲ, ಎಣಿಸುವುದನ್ನೂ ಬಿಡಬೇಕಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ನಡಿಗೆಯೇ ಬೇಡವೆನ್ನುವುದಂತೂ ಕಳ್ಳನಿಗೆ ಹೆದರಿ ಮನೆಯವರನ್ನೇ ಬಂಧಿಸಿದಂತೆ. ಆ್ಯಪ್‌ನಲ್ಲಿ ನಮ್ಮ ನಡಿಗೆ ನಮಗೆ ಮಾತ್ರ ಕಾಣುವಂತೆ ಮಾಡಿಕೊಳ್ಳಬಹುದು. ಹಿಂಬಾಲಿಸ ಬಯಸುವವರು ಮೊದಲು ಅನುಮತಿ ಕೇಳುವಂತೆ ಇಡಬಹುದು. ಮುಖ ಗೊತ್ತಿಲ್ಲದವರನ್ನು ಪಟ್ಟಿಯಿಂದ ತೆಗೆಯಬಹುದು. ಸ್ಥಳದ ಮಾಹಿತಿ ಯಾವ ಆ್ಯಪ್‌ಗೆ ನಿಜಕ್ಕೂ ಬೇಕು ಎಂದು ಮೊಬೈಲಿನಲ್ಲಿ ನೋಡಿ ಉಳಿದವಕ್ಕೆ ಮುಚ್ಚಬಹುದು. ಐದು ನಿಮಿಷದ ಕೆಲಸ, ಮನೆಯ ಎಳೆಯರೇ ಹಿರಿಯರಿಗೆ ಮಾಡಿಕೊಡಬಲ್ಲರು.

ಅದಕ್ಕಿಂತ ದೊಡ್ಡ ಕೆಲಸ ಆ್ಯಪ್ ಮಾಡಿದವರದ್ದು. ಬಾಗಿಲು ಮುಚ್ಚಿರುವುದೇ ಮೊದಲ ಸ್ಥಿತಿಯಾಗಬೇಕು, ತೆರೆಯುವುದು ಮನೆಯವರ ಇಷ್ಟವಾಗಬೇಕು. ಗುಟ್ಟು ಹುಡುಕಬಾರದು, ಬಾಗಿಲಿನಿಂದ ಬರಬೇಕು, ಸಲಾಂ ಹೇಳಿ ಒಪ್ಪಿಗೆ ಪಡೆಯಬೇಕು ಎಂಬ ಆ ಹಳೆಯ ಮೂರು ನಿಯಮಗಳು ಖಲೀಫಾ ಒಬ್ಬರಿಗೆ ಅನ್ವಯಿಸಿದವು. ಒಂದು ಕಂಪೆನಿಗೆ, ಒಬ್ಬ ಅಪರಿಚಿತನಿಗೆ ಅವು ಅನ್ವಯಿಸಬಾರದೇಕೆ?