ಕರಾವಳಿಗೆ ಬಂದ ಯೆಹೂದಿ ವರ್ತಕ

ಯೆಹೂದಿಗಳು ಅಬ್ರಹಾಮನನ್ನು ಮೂಲಪುರುಷನೆಂದೂ ಮೋಶೆಯ ಮೂಲಕ ಬಂದ ತೋರಾವನ್ನು ಬಾಳಿನ ಕಟ್ಟಳೆಯೆಂದೂ ನಂಬುತ್ತಾರೆ. ಏಳನೆಯ ದಿನ ಯಜಮಾನನಷ್ಟೇ ಅಲ್ಲ, ಆಳೂ ಎತ್ತೂ ದುಡಿಯಬಾರದು. ಕೊಯ್ಲಿನಲ್ಲಿ ಹೊಲದಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎನ್ನುತ್ತದೆ ಅದು.

ಕರ್ನಾಟಕ ಕರಾವಳಿಯ ಮಂಗಳೂರಿನಲ್ಲಿ 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ನೆಲೆಸಿದ್ದ. ಹುಟ್ಟೂರು ಟ್ಯುನಿಸಿಯಾದ ಮಹ್ದಿಯಾ. ಯೆಮೆನ್ನಿನ ಏಡನ್ ಬಂದರಿನಿಂದ ಬಂದ ಒಡಕು ಕಂಚು ಇವನ ಕಾರ್ಖಾನೆಯಲ್ಲಿ ಕರಗಿ, ಹೊಸ ಪಾತ್ರೆ, ದೀಪಗಳಾಗಿ ಹಡಗು ಹತ್ತುತ್ತಿತ್ತು. ಜೊತೆಗೆ ಮೆಣಸು, ಏಲಕ್ಕಿ, ಅಡಿಕೆ. ಅತ್ತಣಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಏಡನ್ನಿಗೆ ಹೋಗಿ ವ್ಯವಹಾರ ನೋಡುತ್ತಿದ್ದವನು ಬೊಮ್ಮ, ಇವನ ಗುಲಾಮ.

1132ರ ಅಕ್ಟೋಬರಿನಲ್ಲಿ ಆಶು ಎಂಬ ದಾಸಿಗೆ ಬೆನ್ ಯಿಜು ಬಿಡುಗಡೆ ಪತ್ರ ಬರೆದುಕೊಟ್ಟ. ಅವಳೇ ಅವನ ಹೆಂಡತಿಯಾದಳೆಂದು ವಿದ್ವಾಂಸರ ಊಹೆ. ಆಳಿಗೂ ಬಿಡುವು ಕೊಡಿ ಎಂದ ಕಟ್ಟಳೆ, ಆಳನ್ನು ಕೊಳ್ಳುವುದನ್ನು ಮಾತ್ರ ತಡೆದಿರಲಿಲ್ಲ.

ದೇವರ ಹೆಸರಿರುವ ಕಾಗದವನ್ನು ಬಿಸಾಡುವಂತಿಲ್ಲ ಎಂಬ ನೇಮದಿಂದ ಇವನ ಪತ್ರಗಳು, ವ್ಯಾಪಾರದ ಲೆಕ್ಕ ಸಮೇತ, ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಉಳಿದವು. ಹೆಚ್ಚಿನವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅಲ್ಲಿನ ರಾಶಿಯ ದೊಡ್ಡ ಪಾಲನ್ನು 1897ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಸಾಗಿಸಿದರು.