ವಸತಿ-ಮೊದಲು ಪದ್ಧತಿ

ವಸತಿಹೀನರನ್ನು ತಾತ್ಕಾಲಿಕ ಆಶ್ರಯಧಾಮಗಳಲ್ಲಿ ಇರಿಸುವುದಕ್ಕೆ ಬದಲಾಗಿ, ಯಾವ ಪೂರ್ವನಿಬಂಧನೆಯನ್ನೂ ವಿಧಿಸದೆ, ಮೊದಲಿಗೇ ಶಾಶ್ವತವಾದ ಮನೆಯನ್ನು ಒದಗಿಸುವ ಸಮಾಜಕಲ್ಯಾಣ ನೀತಿ. ಹೌಸಿಂಗ್ ಫಸ್ಟ್ ಎಂದು ಪ್ರಸಿದ್ಧ. ವ್ಯಸನಮುಕ್ತಿ ಹಾಗೂ ಚಿಕಿತ್ಸೆಗಳ ಮೆಟ್ಟಿಲುಗಳನ್ನು ಏರಿದವನು ಮಾತ್ರ ಮನೆಗೆ ಅರ್ಹನೆಂಬ ಹಿಂದಣ ಕ್ರಮವನ್ನು ತ್ಯಜಿಸಿ, 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಸ್ಥಾಪಿಸಿದ ಪಾಥ್‌ವೇಸ್ ಟು ಹೌಸಿಂಗ್ ಸಂಸ್ಥೆಯು ಇದಕ್ಕೆ ನಿಶ್ಚಿತ ರೂಪವನ್ನಿತ್ತಿತು.

ನಿವಾಸಿಯ ಹೆಸರಿನಲ್ಲೇ ಬಾಡಿಗೆಯ ಕರಾರು, ಚಿಕಿತ್ಸೆಯನ್ನು ಸ್ವೀಕರಿಸುವ ಅಥವಾ ನಿರಾಕರಿಸುವ ಸ್ವಾತಂತ್ರ್ಯ, ಅಪೇಕ್ಷೆಗೆ ತಕ್ಕಂತೆ ವೈದ್ಯಕೀಯ ಮತ್ತು ಸಾಮಾಜಿಕ ನೆರವು, ಇವು ಇದರ ಪ್ರಧಾನ ಲಕ್ಷಣಗಳು.

2008ರಲ್ಲಿ ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಅಂಗೀಕರಿಸಿದ ಫಿನ್ಲೆಂಡು, 1985ರಲ್ಲಿ ಸ್ಥಾಪಿತವಾದ ವೈ-ಫೌಂಡೇಷನ್ನಿನಂಥ ಸಂಸ್ಥೆಗಳ ಸಹಕಾರದಿಂದ ಮನೆಗಳನ್ನು ಕಟ್ಟಿಯೂ ಕೊಂಡೂ, ಹೆಲ್ಸಿಂಕಿಯ ಸಾಲ್ವೇಷನ್ ಆರ್ಮಿ ಆಶ್ರಯಧಾಮವೇ ಮೊದಲಾದ ಕಟ್ಟಡಗಳನ್ನು ಸ್ವತಂತ್ರ ಬಾಡಿಗೆಮನೆಗಳಾಗಿ ಪರಿವರ್ತಿಸಿತು. ಅಲ್ಲಿ 1980ರ ದಶಕದ ಕೊನೆಯಲ್ಲಿ 18,000ಕ್ಕೂ ಮಿಕ್ಕಿದ್ದ ವಸತಿಹೀನರ ಸಂಖ್ಯೆ 2023ರ ವೇಳೆಗೆ 3,500ಕ್ಕಿಂತ ಕೆಳಗಿಳಿಯಿತು.

ಕೆನಡದ ಐದು ನಗರಗಳಲ್ಲಿ 2009ರಿಂದ 2013ರ ವರೆಗೆ ನಡೆದ ಪ್ರಯೋಗವು, ಈ ಪದ್ಧತಿಯಲ್ಲಿ ಮನೆ ಪಡೆದವರು ಇತರರಿಗಿಂತ ಹೆಚ್ಚು ಕಾಲ ಸ್ಥಿರವಾಗಿ ನೆಲಸುವರೆಂಬುದನ್ನು ತೋರಿಸಿತು. ಅಗ್ಗದ ಬಾಡಿಗೆಯ ಮನೆಗಳು ಸಾಕಷ್ಟು ಲಭ್ಯವಿರುವುದು ಇದರ ಸಾಫಲ್ಯಕ್ಕೆ ಅತ್ಯಗತ್ಯ. ವಸತಿಯನ್ನು ಸನ್ನಡತೆಯ ಪಾರಿತೋಷಕವೆಂದಲ್ಲದೆ ಮಾನವನ ಮೂಲಭೂತ ಹಕ್ಕೆಂದು ಪರಿಗಣಿಸಿದುದರಲ್ಲಿ ಇದರ ಮಹತ್ತ್ವವಿದೆ.