ಮಾಮಾನ ಕ್ಲಾರಿನೆಟ್ಟು ಮತ್ತು ಇಲ್ಲದ ಊರುಗಳ ಸಂಗೀತ

ಮೊನ್ನೆ ವಿಜಯಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಕಿವಿಯಲ್ಲಿ ಮಗಳು ಕಳಿಸಿದ ಹಳೇ ಅಮೇರಿಕನ್ ಟ್ಯೂನು. ಲೆಸ್ ಬ್ಯಾಕ್ಸ್‌ಟರ್ ಎಂಬಾತ 1951ರಲ್ಲಿ ಮಾಡಿದ 'ಕ್ವಯಟ್ ವಿಲೇಜ್'. ತೊರವಿ ದಾಟುವಷ್ಟರಲ್ಲಿ ಅಮೇರಿಕ ಮರೆತುಹೋಗಿ ಬಬಲೇಶ್ವರದ ನಮ್ಮ ಮಾಮಾ ನೆನಪಾದರು.

ಮಾಮಾ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಅವರಿಗೆ ಜಿ.ಕೆ. ವೆಂಕಟೇಶರ ಸಿಐಡಿ 999 ಸಿನಿಮಾಗಳ ಸಂಗೀತ ಅಂದರೆ ಪ್ರಾಣ. ನಾನೋ, ಆಗಷ್ಟೇ ನಾಲ್ಕು ರಾಗ ಕಲಿತು ಭೀಮಸೇನ ಜೋಶಿ, ಮನ್ಸೂರ ಅಂತ ತಿರುಗುತ್ತಿದ್ದ ಹುಡುಗ. ಒಮ್ಮೆ ಮನೆ ತುಂಬ ಬೀಗರಿದ್ದಾಗ ಅಂದುಬಿಟ್ಟೆ, "ಇದೂ ಒಂದ್ ಸಂಗೀತ ಏನ್ರಿ ಮಾಮಾ? ಕ್ಲಬ್ಬಿನ ಗದ್ದಲ. ಎಲ್ಲಾ ಇಂಗ್ಲೀಷಿನಿಂದ ಕದ್ದದ್ದು." ಮಾಮಾ ಸಿಟ್ಟಾಗಲಿಲ್ಲ. ಕ್ಲಾರಿನೆಟ್ಟು ಒರೆಸಿ ಪೆಟ್ಟಿಗೆಯಲ್ಲಿಟ್ಟರು. "ಹಾಡು ಬಿಡಪಾ, ಹಿಂದ ಏನ್ ನಡದದ ಅದನ್ನ ಕೇಳು" ಅಂದರು. ನಾನು ಕೇಳಲಿಲ್ಲ. ಅವರು ಮತ್ತೆಂದೂ ನನ್ನೆದುರು ಅದನ್ನು ನುಡಿಸಲಿಲ್ಲ.

ಈಗ ಕೇಳುತ್ತಿದ್ದೇನೆ, ಮಾಮಾ ಇಲ್ಲ.

ಬ್ಯಾಕ್ಸ್‌ಟರನ ಸಂಗೀತಕ್ಕೆ ಆಮೇಲೆ 'ಎಕ್ಸಾಟಿಕಾ' ಅಂತ ಹೆಸರು ಬಿತ್ತು. ಪಿಟೀಲುಗಳ ದೊಡ್ಡ ಮೇಳ, ಬಾಂಗೋ, ಎಲ್ಲೋ ದೂರದ ಕಾಡಿನ ಭ್ರಮೆ. ಹವಾಯಿಯ ಹೋಟೆಲೊಂದರಲ್ಲಿ ಮಾರ್ಟಿನ್ ಡೆನ್ನಿ ನುಡಿಸುವಾಗ ಪಕ್ಕದ ಕೊಳದ ಕಪ್ಪೆಗಳು ವಟಗುಟ್ಟುತ್ತಿದ್ದವಂತೆ, ವಾದ್ಯದವರು ತಮಾಷೆಗೆ ಹಕ್ಕಿ ಕೂಗು ಸೇರಿಸಿದರಂತೆ. ಕೇಳುಗರಿಗೆ ಅದೇ ಹಿಡಿಸಿತು. 1957ರಲ್ಲಿ 'ಎಕ್ಸಾಟಿಕಾ' ಎಂಬ ಅವನ ರೆಕಾರ್ಡು ಬಂತು, 1959ರಲ್ಲಿ ಅವನ 'ಕ್ವಯಟ್ ವಿಲೇಜ್' ಅಲ್ಲಿ ಭಾರೀ ಹಿಟ್ಟಾಯಿತು. ಆ ಹಳ್ಳಿ ಯಾವ ನಕಾಶೆಯಲ್ಲೂ ಇಲ್ಲ ಬಿಡಿ!

ಇದರಲ್ಲಿ ಸುಳ್ಳೂ ಇದೆ. ತಲೆಗೆ ರುಮಾಲು ಸುತ್ತಿ, ದಿಲ್ಲಿಯವನೆಂದು ಹೇಳಿಕೊಂಡು ಟೀವಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಕೋರ್ಲಾ ಪಂಡಿತ್ 1998ರಲ್ಲಿ ತೀರಿಕೊಂಡ. 2001ರಲ್ಲಿ ಗೊತ್ತಾಯಿತು: ಅವನು ಜಾನ್ ರೋಲಂಡ್ ರೆಡ್, ಅಮೇರಿಕದಲ್ಲೇ ಹುಟ್ಟಿದ ಕರಿಯ. ಮೊದಲು ನಗು ಬಂತು. ಆಮೇಲೆ ಯೋಚಿಸಿದೆ, ಕರಿಯನಾಗಿ ಸಿಗದ ಅವಕಾಶ ಅವನಿಗೆ ರುಮಾಲಿನಿಂದ ಸಿಕ್ಕಿತಲ್ಲ. ನಗು ನಿಂತಿತು.

ಈಗ ನಮ್ಮ ಕಡೆ ಬನ್ನಿ. ದೊರೈ-ಭಗವಾನ್ ನಿರ್ದೇಶಿಸಿದ 'ಜೇಡರ ಬಲೆ' 1968ರದು, 'ಗೋವಾದಲ್ಲಿ ಸಿಐಡಿ 999' ಕೂಡ ಅದೇ ವರ್ಷ. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗ ಏಳೇ ವರ್ಷ. ಘಟ್ಟ ಇಳಿದರೆ ಗೋವಾ, ಆದರೂ ಜೋಳದ ಹೊಲದಿಂದ ಎದ್ದು ಬಂದು ಸಿನಿಮಾ ನೋಡುವವನಿಗೆ ಅದು ಹವಾಯಿಯಷ್ಟೇ ದೂರ. ಅಮೇರಿಕದವರು ಪೂರ್ವವನ್ನು ಕಲ್ಪಿಸಿಕೊಂಡರೆ, ನಮ್ಮವರು ಆ ಸಂಗೀತದ ಸಾಮಾನುಗಳನ್ನೇ ತಿರುಗಿಸಿ ಪಶ್ಚಿಮವನ್ನು ಕಲ್ಪಿಸಿಕೊಂಡರು. ಟ್ರಂಪೆಟ್ಟು, ಗಿಟಾರು, ಬಾಂಗೋ. ಕದ್ದದ್ದು ಎಂದು ನಾನು ತೀರ್ಪು ಕೊಟ್ಟದ್ದರಲ್ಲಿ ಅರ್ಧ ಅಜ್ಞಾನ, ಅರ್ಧ ಸೊಕ್ಕು.

ಅದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ನಾನು ಪೂಜಿಸುತ್ತಿದ್ದ ಭೀಮಸೇನ ಜೋಶಿಯವರು ಹಾಡಿದ 'ಸಂಧ್ಯಾರಾಗ' 1966ರದು. ಅದರ ಸಂಗೀತ ಯಾರದು? ಇದೇ ಜಿ.ಕೆ. ವೆಂಕಟೇಶರದು! ಎರಡೇ ವರ್ಷದ ಅಂತರದಲ್ಲಿ ಒಬ್ಬರೇ ಎರಡೂ ಲೋಕ ಕಟ್ಟಿದ್ದರು. ಮುಂದೆ ಇಳಯರಾಜಾ ಸಹಾಯಕರಾಗಿ ಪಳಗಿದ್ದೂ ಇವರ ಹತ್ತಿರವೇ. ಮಾಮಾನಿಗೆ ಎರಡೂ ಒಂದೇ ಕೈ ಅಂತ ಕಿವಿಯಲ್ಲೇ ಗೊತ್ತಿತ್ತು.

ನಮ್ಮೂರಿನವರಿಗೆ ಇದು ಹೊಸದೂ ಅಲ್ಲ. ಬಸ್ಸು ದಾಟಿದ ತೊರವಿಯ ಹತ್ತಿರವೇ ನವರಸಪುರದ ಹಾಳು ಗೋಡೆಗಳಿವೆ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟಿಸಲು ಶುರುಮಾಡಿದ ಸಂಗೀತದ ಊರು. ತಂಬೂರಿಗೆ ಮೋತೀಖಾನ್ ಅಂತ ಹೆಸರಿಟ್ಟಿದ್ದ ಬಾದಶಹಾ, 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿ, ಗಣಪತಿಯನ್ನು ನೆನೆದು ದಖನಿಯಲ್ಲಿ ಹಾಡು ಬರೆದ. 1624ರಲ್ಲಿ ಮಲಿಕ್ ಅಂಬರನ ದಂಡು ಆ ಊರನ್ನು ಹಾಳುಮಾಡಿತು. ಕನಸಿನ ಊರನ್ನು ಸಂಗೀತದಲ್ಲಿ ಕಟ್ಟುವ ಹುಚ್ಚು ಬ್ಯಾಕ್ಸ್‌ಟರನಿಗಿಂತ ಮುನ್ನೂರೈವತ್ತು ವರ್ಷ ಮೊದಲೇ ಇಲ್ಲಿತ್ತು. ಬೆರಕೆಯೇ ನಮ್ಮ ಪರಂಪರೆ ಆಗಿರುವಾಗ ನಾನು ಯಾವ ಶುದ್ಧದ ಜಂಬ ಕೊಚ್ಚುತ್ತಿದ್ದೆನೋ.

ತಿಕೋಟಾದ ಕೆಲಸ ಮುಗಿಸಿ ಸಂಜೆ ಬಬಲೇಶ್ವರಕ್ಕೆ ಹೋದೆ. ಮಾಮಿ ಚಹಾ ಮಾಡಿದರು. ಮೊಬೈಲಿನಲ್ಲಿ 'ಜೇಡರ ಬಲೆ' ಹಚ್ಚಿದೆ. ಈ ಸಲ ಹಾಡು ಬಿಟ್ಟು ಹಿಂದಿನದನ್ನೇ ಕೇಳಿದೆ. ಹಾಡುವವರು ಉಸಿರು ತಗೊಳ್ಳುವ ಜಾಗದಲ್ಲೆಲ್ಲ ವಾದ್ಯಗಳು ಮಾತಾಡುತ್ತಿದ್ದವು. ಮಾಮಿ ಲೋಟ ಕೆಳಗಿಟ್ಟರು. "ಇದ ಅಲ್ಲೇನೋ, ನಿಮ್ಮ ಮಾಮಾ ಬಾಗಲಾ ಹಾಕ್ಕೊಂಡು ಊದತಿದ್ದದ್ದು?"

ಬಾಗಿಲು ಹಾಕಿಸಿದವನು ನಾನೇ. ಮಾಮಿಗೆ ಹೇಳಲು ಬಾಯಿ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ನಿಮ್ಮ ಮನೆಯಲ್ಲೂ ಹೀಗೆ ನೀವು ಕೇಳದೆ ಬಿಟ್ಟ ಹಾಡಿದೆಯಾ? ಇದ್ದರೆ ಬರೆಯಿರಿ. ನುಡಿಸುವವರು ಇನ್ನೂ ಇದ್ದರೆ, ಬರೆಯುವ ಮೊದಲು ಹೋಗಿ ಕೇಳಿ.